ಮನಸ್ಸಿನ ಕಾಯಿಲೆ ಇರುವವರ ಮೇಲೆ ಕೇಸು ಬಿದ್ದರೆ: ಮೊದಲ ರಾತ್ರಿಯಿಂದ ತೀರ್ಪಿನವರೆಗೆ ಮನೆಯವರು ಮಾಡಬೇಕಾದ್ದು

ನಾನು ಶಿರಸಿ, ಕುಮಟಾ, ಕಾರವಾರದ ಕೋರ್ಟುಗಳಲ್ಲಿ ಕ್ರಿಮಿನಲ್ ಕೇಸು ನಡೆಸುವ ವಕೀಲ. ಮನಸ್ಸಿನ ಕಾಯಿಲೆ ಇರುವವರ, ಹುಟ್ಟಿನಿಂದ ಬುದ್ಧಿ ಬೆಳವಣಿಗೆ ಕಡಿಮೆ ಇರುವವರ ಕೇಸುಗಳು ನನ್ನ ಹತ್ತಿರ ಆಗಾಗ ಬರುತ್ತವೆ. ಇವುಗಳಲ್ಲಿ ಸೋಲು ಜಾಸ್ತಿ ಸಲ ಕೋರ್ಟಿನಲ್ಲಿ ಆಗುವುದಲ್ಲ. ಮನೆಯಲ್ಲೇ ಆಗಿರುತ್ತದೆ, ಕಾಯಿಲೆಯನ್ನು ಊರಿಗೆ ಗೊತ್ತಾಗದ ಹಾಗೆ ಮುಚ್ಚಿಟ್ಟ ದಿನವೇ.

ಘಟ್ಟದ ಮೇಲಿನ ಒಬ್ಬ ಆಯಿ ನೆನಪಾಗುತ್ತಾರೆ. ಮಗನ ಮೇಲೆ ಹಲ್ಲೆ ಕೇಸು. ಪಕ್ಕದ ಮನೆಯವರು ರಾತ್ರಿಯಿಡೀ ತನ್ನನ್ನೇ ಬೈಯುತ್ತಾರೆ ಅಂತ ಅವನಿಗೆ ಕೇಳಿಸುತ್ತಿತ್ತು, ಒಂದು ಬೆಳಿಗ್ಗೆ ಕತ್ತಿ ಹಿಡಿದು ಹೋದ. "ಮೊದಲು ಎಲ್ಲಾದರೂ ತೋರಿಸಿದ್ರಾ?" ಅಂತ ಶುರುವಿನಲ್ಲೇ ಕೇಳಿದೆ. ಇಲ್ಲ ಅಂದರು. ಸಾಕ್ಷಿಗಳ ವಿಚಾರಣೆ ಎಲ್ಲ ಮುಗಿದು ವಾದಕ್ಕೆ ತಾರೀಖು ಬಿದ್ದ ಮೇಲೆ ಒಂದು ದಿನ ಆಫೀಸಿಗೆ ಬಂದು ಸೆರಗಿನಡಿಯಿಂದ ತಗಡಿನ ಬಿಸ್ಕಿಟ್ ಡಬ್ಬ ತೆಗೆದಿಟ್ಟರು. ಒಳಗೆ ಆರು ವರ್ಷದ ಚೀಟಿಗಳು. ಆಸ್ಪತ್ರೆಯ ಹೊರರೋಗಿ ಚೀಟಿ, ಮಾತ್ರೆ ಅಂಗಡಿಯ ಬಿಲ್ಲು, ಖಾಲಿ ಮಾತ್ರೆ ಶೀಟುಗಳು ಸಮೇತ, ಎಲ್ಲ ರಬ್ಬರ್ ಹಾಕಿ ಕಟ್ಟಿದ್ದು. "ಕೂಸಿನ ಮದುವೆ ಇತ್ತು, ಅದ್ಕೇ ಹೇಳಿದ್ನಿಲ್ಲೆ ವಕೀಲ್ರೇ" ಅಂದರು. ಅವರ ಮೇಲೆ ಸಿಟ್ಟು ಮಾಡಲು ನನಗಾಗಲಿಲ್ಲ. ನಮ್ಮ ಕಡೆ ಅಣ್ಣನಿಗೆ ಇಂಥ ಕಾಯಿಲೆ ಅಂದರೆ ತಂಗಿಗೆ ಬಂದ ನೆಂಟಸ್ತಿಕೆ ತಪ್ಪುತ್ತದೆ, ಅದು ಸುಳ್ಳಲ್ಲ. ಆದರೆ ಆ ಡಬ್ಬ ಮೊದಲ ವಾರವೇ ಬಂದಿದ್ದರೆ ಅವನು ಅಷ್ಟು ತಿಂಗಳು ಜೈಲಿನಲ್ಲಿ ಕೂರುತ್ತಿರಲಿಲ್ಲ.

ಹಾಗಾಗಿ ಇದನ್ನು ಓದುತ್ತಿರುವವರ ಮನೆಯಲ್ಲಿ ಅಂಥ ಡಬ್ಬ ಇದ್ದರೆ ಇವತ್ತೇ ಹೊರಗೆ ತೆಗೆಯಿರಿ. ಎಲ್ಲದರ ಫೋಟೋ ತೆಗೆದು ಮನೆಯ ಇಬ್ಬರ ಫೋನಿನಲ್ಲಿ ಇಟ್ಟುಕೊಳ್ಳಿ. ಮೂಲ ಚೀಟಿಯನ್ನು ಯಾರ ಕೈಗೂ ಕೊಡಬೇಡಿ, ಜೆರಾಕ್ಸ್ ಕೊಡಿ.

ಮೊದಲ ರಾತ್ರಿ

ಠಾಣೆಗೆ ಒಬ್ಬರೇ ಹೋಗಬೇಡಿ, ಇಬ್ಬರು ಹೋಗಿ. ಚೀಟಿಗಳ ಜೆರಾಕ್ಸ್, ಅವನ ಮಾತ್ರೆ, ಅಂಗವಿಕಲರ ಗುರುತಿನ ಚೀಟಿ (ಯುಡಿಐಡಿ ಕಾರ್ಡ್) ಅಥವಾ ಅಂಗವಿಕಲ ಪಿಂಚಣಿಯ ಆದೇಶ ಇದ್ದರೆ ಅದು, ಇಷ್ಟು ಜೊತೆಗಿರಲಿ. ಬಾಯಲ್ಲಿ ಹೇಳಿದ್ದು ಗಾಳಿಗೆ ಹೋಗುತ್ತದೆ. ಒಂದು ಬಿಳಿ ಹಾಳೆಯಲ್ಲಿ ಬರೆಯಿರಿ: ಇವನಿಗೆ ಇಂಥ ಕಾಯಿಲೆ ಇದೆ, ಇಂಥ ಡಾಕ್ಟರ ಹತ್ತಿರ ಇಷ್ಟು ವರ್ಷದಿಂದ ಔಷಧಿ ನಡೆಯುತ್ತಿದೆ, ದಿನಕ್ಕೆ ಇಷ್ಟು ಮಾತ್ರೆ ತಪ್ಪದೆ ಕೊಡಬೇಕು. ಎರಡು ಪ್ರತಿ ಮಾಡಿ, ಒಂದನ್ನು ಠಾಣೆಗೆ ಕೊಟ್ಟು ಇನ್ನೊಂದರ ಮೇಲೆ ಸೀಲು, ಸಹಿ, ಹೊತ್ತು ಹಾಕಿಸಿಕೊಳ್ಳಿ. ಹಾಕಿಕೊಡದಿದ್ದರೆ ಆ ರಾತ್ರಿಯೇ ಅದರ ಫೋಟೋವನ್ನು ಎಸ್ಪಿ ಕಚೇರಿಯ ಇಮೇಲಿಗೆ ಕಳಿಸಿ, ಬೆಳಿಗ್ಗೆ ಆ ಹಾಳೆಯನ್ನೇ ಸ್ಪೀಡ್ ಪೋಸ್ಟ್ ಮಾಡಿ. ಮುಂದೆ ಕೋರ್ಟಿನಲ್ಲಿ "ಕೇಸು ಬಿದ್ದ ಮೇಲೆ ಹುಚ್ಚಿನ ಕಥೆ ಕಟ್ಟಿದ್ದಾರೆ" ಅಂತ ಸರ್ಕಾರಿ ವಕೀಲರು ಹೇಳಿದಾಗ ಉತ್ತರ ಕೊಡುವುದು ಈ ಹಾಳೆಯೇ.

ಆಮೇಲೆ 15100ಕ್ಕೆ ಫೋನ್ ಮಾಡಿ. ಅದು ಕಾನೂನು ಸೇವಾ ಪ್ರಾಧಿಕಾರದ ಸಹಾಯವಾಣಿ. 1987ರ ಕಾನೂನು ಸೇವಾ ಪ್ರಾಧಿಕಾರ ಕಾಯ್ದೆಯ 12ನೇ ಕಲಮಿನ ಪ್ರಕಾರ ಅಂಗವೈಕಲ್ಯ ಇರುವವರಿಗೆ, ಮಾನಸಿಕ ಕಾಯಿಲೆ ಇರುವವರಿಗೆ, ಪೊಲೀಸ್ ಅಥವಾ ಜೈಲಿನ ವಶದಲ್ಲಿ ಇರುವ ಯಾರಿಗೇ ಆಗಲಿ, ಆದಾಯ ಎಷ್ಟಿದೆ ಅಂತ ನೋಡದೆ ಉಚಿತ ವಕೀಲರು ಸಿಗಬೇಕು. ಜಿಲ್ಲಾ ಪ್ರಾಧಿಕಾರ ಕಾರವಾರದಲ್ಲಿದೆ, ತಾಲೂಕಿನಲ್ಲಿ ಕೋರ್ಟಿನ ಆವರಣದಲ್ಲೇ ತಾಲೂಕು ಸಮಿತಿ ಇರುತ್ತದೆ. ಪುಕ್ಕಟೆ ವಕೀಲರು ಸರಿಯಾಗಿ ನಡೆಸುವುದಿಲ್ಲ ಅಂತ ಜನ ಹೆದರುತ್ತಾರೆ. ಅದು ವಕೀಲರ ಮೇಲೆ ಹೋಗುತ್ತದೆ, ಫೀಸಿನ ಮೇಲಲ್ಲ. ನೀವು ಡಬ್ಬ ತಂದು ತೋರಿಸಿದರೆ ಅವರೂ ಚೆನ್ನಾಗಿಯೇ ನಡೆಸುತ್ತಾರೆ.

2024ರ ಜುಲೈ 1ರಿಂದ ಅಪರಾಧ, ಶಿಕ್ಷೆ ಹೇಳುವ ಐಪಿಸಿ ಹೋಗಿ ಬಿಎನ್‌ಎಸ್, ಕೇಸು ನಡೆಸುವ ಕ್ರಮ ಹೇಳುವ ಸಿಆರ್‌ಪಿಸಿ ಹೋಗಿ ಬಿಎನ್‌ಎಸ್‌ಎಸ್ ಬಂದಿವೆ. ಕಲಮಿನ ನಂಬರು ಬದಲಾಗಿದೆ, ಮೂಲ ಹಕ್ಕುಗಳು ಹಾಗೇ ಇವೆ. ಬಂಧನಕ್ಕೆ ಕಾರಣ ಹೇಳಬೇಕು (ಬಿಎನ್‌ಎಸ್‌ಎಸ್ 47, ಮುಂದಿನ ನಂಬರುಗಳೂ ಅದರದ್ದೇ). ಮನೆಯವರಿಗೆ ತಿಳಿಸಬೇಕು (48). ವಿಚಾರಣೆ ಹೊತ್ತಿಗೆ ವಕೀಲರನ್ನು ಭೇಟಿ ಮಾಡಲು ಬಿಡಬೇಕು (38). ದಾರಿಯ ಹೊತ್ತು ಬಿಟ್ಟು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು (58). ಜಾಸ್ತಿ ಜನರಿಗೆ ಗೊತ್ತಿಲ್ಲದ್ದು 35ನೇ ಕಲಮಿನ 7ನೇ ಉಪಕಲಮು: ಮೂರು ವರ್ಷಕ್ಕಿಂತ ಕಡಿಮೆ ಶಿಕ್ಷೆಯ ಅಪರಾಧವಾಗಿದ್ದು, ಆ ವ್ಯಕ್ತಿ ಅಶಕ್ತನಾಗಿದ್ದರೆ ಅಥವಾ 60 ದಾಟಿದ್ದರೆ, ಡಿವೈಎಸ್‌ಪಿ ದರ್ಜೆಯ ಅಧಿಕಾರಿಯ ಅನುಮತಿ ಇಲ್ಲದೆ ಬಂಧಿಸುವ ಹಾಗಿಲ್ಲ. ದಿನಾ ಮಾತ್ರೆಯ ಮೇಲೆ ಬದುಕುವವನು ಅಶಕ್ತ ಅಲ್ವಾ ಅಂತ ನಿಮ್ಮ ವಕೀಲರು ವಾದಿಸಲಿ.

ಬಂಧಿಸಿದ ಮೇಲೆ ಸರ್ಕಾರಿ ಡಾಕ್ಟರ ಹತ್ತಿರ ತಪಾಸಣೆಗೆ ಕರೆದೊಯ್ಯುತ್ತಾರೆ. ಇದು ಚಿನ್ನದಂಥ ಅವಕಾಶ, ಬಹಳ ಮನೆಯವರು ಕೈಬಿಡುವುದೂ ಇದನ್ನೇ. ಡಾಕ್ಟರು ಗಾಯ ಇದೆಯಾ ಅಂತ ಮಾತ್ರ ನೋಡಿ ಫಾರ್ಮು ತುಂಬುತ್ತಾರೆ. ಆಸ್ಪತ್ರೆಗೆ ಹೋಗಿ, ಕೈಮುಗಿದು ಹೇಳಿ: "ಸರ್, ಇವನ ಮಾತು, ನಡವಳಿಕೆ ಈಗ ಹೇಗಿದೆ ಅಂತ ಎರಡು ಸಾಲು ಬರೆಯಿರಿ, ಇವನ ಔಷಧಿ ಇದು." ಘಟನೆ ಆದ ಕೆಲವೇ ಗಂಟೆಯಲ್ಲಿ ಬರೆದ ಆ ಎರಡು ಸಾಲಿಗೆ, ಎರಡು ವರ್ಷದ ನಂತರ ದೊಡ್ಡ ಆಸ್ಪತ್ರೆ ಕೊಡುವ ಹತ್ತು ಪುಟದ ವರದಿಗಿಂತ ಜಾಸ್ತಿ ತೂಕ.

"ಹೌದು" ಅನ್ನುವ ಹುಡುಗ

ಬೌದ್ಧಿಕ ನ್ಯೂನತೆ ಇರುವವರ ಕಷ್ಟ ಬೇರೆ ಥರ. ಗೋವಾ ಗಡಿಯ ಕಡೆಯ ಒಂದು ಕೇಸು ಹೇಳುತ್ತೇನೆ. ಮೂವತ್ತು ದಾಟಿದ ಆಳು, ಬುದ್ಧಿ ಐದಾರು ವರ್ಷದ ಮಗುವಿನದು. ಮನೆಯಲ್ಲಿ ಆಡುವುದು ಕೊಂಕಣಿ. ಯಾರೋ ಐವತ್ತು ರೂಪಾಯಿ ಮತ್ತು ಒಂದು ಪ್ಲೇಟ್ ಮಿಸಳ್ ಪಾವ್ ಕೊಟ್ಟು, ಈ ಚೀಲ ಆ ಕಡೆ ಒಯ್ದು ಕೊಡು ಅಂದಿದ್ದಾರೆ. ಮೇಲೆ ಬಟ್ಟೆ, ಕೆಳಗೆ ಗೋವಾ ದಾರು. ಇವನು ಸಿಕ್ಕಿಬಿದ್ದ, ಕೊಟ್ಟವರು ಸಿಗಲಿಲ್ಲ. ಕಡತದಲ್ಲಿ ಅವನ ಹೇಳಿಕೆ ಓದಿದೆ: "ನಾನು ಸದರಿ ಮದ್ಯವನ್ನು ಅಕ್ರಮವಾಗಿ ಮಾರಾಟ ಮಾಡುವ ಉದ್ದೇಶದಿಂದ ಸಾಗಿಸುತ್ತಿದ್ದೆ." ಸದರಿ ಅನ್ನುವ ಶಬ್ದ ಅವನ ಬಾಯಲ್ಲಿ ಯಾವ ಜನ್ಮದಲ್ಲೂ ಬರುವುದಿಲ್ಲ. ಕೊಂಕಣಿಯ ಹುಡುಗನ ಮಾತನ್ನು ಠಾಣೆಯ ರೈಟರ್ ತನ್ನ ಕನ್ನಡದಲ್ಲಿ ಬರೆದಿಟ್ಟಿದ್ದ.

ನಾನು ಅವನ ಜೊತೆ ಕೂತೆ. "ಬಸ್ಸಿನಲ್ಲಿ ಬಂದ್ಯಾ?" "ಹೌದು." "ನಡ್ಕೊಂಡು ಬಂದ್ಯಾ?" "ಹೌದು." "ರೈಲಲ್ಲಿ ಬಂದ್ಯಾ?" "ಹೌದು." ಪ್ರತಿ ಸಲವೂ ನನ್ನ ಮುಖ ನೋಡಿ, ಸರಿಯಾಯ್ತಾ ಅನ್ನುವ ಹಾಗೆ ನಗುತ್ತಿದ್ದ. ಬುದ್ಧಿ ಬೆಳವಣಿಗೆ ಕಡಿಮೆ ಇರುವ ಎಷ್ಟೋ ಜನ ಹೀಗೇ. ಎದುರಿಗೆ ಇರುವವರಿಗೆ ಖುಷಿ ಆಗಲಿ ಅಂತ ಹೌದು ಅನ್ನುತ್ತಾರೆ. ಗದರಿಸಿದರಂತೂ ಏನನ್ನು ಬೇಕಾದರೂ ಒಪ್ಪುತ್ತಾರೆ. ನಿಮ್ಮ ಮನೆಯವರಲ್ಲಿ ಈ ಸ್ವಭಾವ ಇದ್ದರೆ ವಕೀಲರ ಮುಂದೆ ಇದೇ ಥರ ಮೂರು ಪ್ರಶ್ನೆ ಕೇಳಿ ತೋರಿಸಿ. ನ್ಯಾಯಾಧೀಶರೂ ಹಾಗೇ ಕೇಳಿ ನೋಡಲಿ ಅಂತ ವಕೀಲರು ವಿನಂತಿ ಮಾಡಬಹುದು.

ಪೊಲೀಸರ ಮುಂದೆ ತಪ್ಪೊಪ್ಪಿಕೊಂಡದ್ದು ಕೋರ್ಟಿನಲ್ಲಿ ಸಾಕ್ಷಿ ಆಗುವುದಿಲ್ಲ. ತನಿಖೆಯಲ್ಲಿ ಪೊಲೀಸರಿಗೆ ಕೊಟ್ಟ ಹೇಳಿಕೆಗೆ ಸಹಿಯನ್ನೂ ಹಾಕಬೇಕಿಲ್ಲ. ಆದರೆ ಅವನು ಹೇಳಿದ್ದರಿಂದ ಏನಾದರೂ ವಸ್ತು ಸಿಕ್ಕರೆ ಹೇಳಿಕೆಯ ಅಷ್ಟು ಭಾಗ ಸಾಕ್ಷಿಯಾಗುತ್ತದೆ. ಹಾಗಾಗಿ ಆ ದಿನ ಅವನನ್ನು ಎಲ್ಲಿಗೆ ಕರೆದೊಯ್ದರು, ಯಾವ ಪಂಚನಾಮೆಗೆ ಹೆಬ್ಬೆಟ್ಟು ಒತ್ತಿಸಿದರು ಅಂತ ನೆನಪಿಟ್ಟು ಬರೆದುಕೊಳ್ಳಿ.

ಮ್ಯಾಜಿಸ್ಟ್ರೇಟರ ಮುಂದೆ

ಅಲ್ಲಿ ಎರಡೇ ನಿಮಿಷ ಸಿಗುತ್ತದೆ. ವಕೀಲರು ಮೂರು ಮಾತು ಹೇಳಲೇಬೇಕು. ಇವನಿಗೆ ಕಾಯಿಲೆ ಇದೆ, ಚೀಟಿ ಇಲ್ಲಿದೆ. ಜೈಲಿಗೆ ಹೋದರೂ ಔಷಧಿ ತಪ್ಪಬಾರದು ಅಂತ ಆದೇಶದಲ್ಲಿ ಬರೆಯಿರಿ. ಜಾಮೀನು ಕೊಡಿ. ಜಾಮೀನಿಲ್ಲದ ಅಪರಾಧವಾದರೂ ಕಾಯಿಲೆಯವರಿಗೆ, ಅಶಕ್ತರಿಗೆ ವಿಶೇಷವಾಗಿ ಕೊಡಲು ಬಿಎನ್‌ಎಸ್‌ಎಸ್ 480ರಲ್ಲಿ ಅವಕಾಶ ಇದೆ. ಜಾಮೀನುದಾರರನ್ನು ಪಹಣಿ, ಆಧಾರ್ ಸಮೇತ ಮೊದಲೇ ಒಪ್ಪಿಸಿಡಿ. ಇಂಥವನಿಗೆ ಜಾಮೀನು ನಿಲ್ಲಲು ನೆಂಟರೂ ಹಿಂದೆ ಸರಿಯುತ್ತಾರೆ, ಆದೇಶ ಕೈಗೆ ಬಂದ ಮೇಲೆ ಹುಡುಕಲು ಹೊರಟರೆ ವಾರಗಟ್ಟಲೆ ಹೋಗುತ್ತದೆ. ಇಲ್ಲಿ ಸಿಗದಿದ್ದರೆ ಸೆಷನ್ಸ್ ಕೋರ್ಟು, ಅಲ್ಲೂ ಆಗದಿದ್ದರೆ ಧಾರವಾಡದ ಹೈಕೋರ್ಟ್ ಪೀಠ.

ಕೆಲವು ಸಲ ಕೇಸೇ ಇರುವುದಿಲ್ಲ. ಗೋಕರ್ಣದ ಬೀದಿಯಲ್ಲಿ, ಕಾರವಾರದ ಸ್ಟೇಷನ್ನಿನಲ್ಲಿ, ಶಿರಸಿಯ ಮಾರಿಕಾಂಬಾ ಜಾತ್ರೆಯ ಗದ್ದಲದಲ್ಲಿ ದಾರಿ ತಪ್ಪಿದವರನ್ನು ಅನುಮಾನದ ಮೇಲೆ ಹಿಡಿದಿರುತ್ತಾರೆ. 2017ರ ಮಾನಸಿಕ ಆರೋಗ್ಯ ಕಾಯ್ದೆಯ 100ನೇ ಕಲಮು ಇಲ್ಲಿ ಸ್ಪಷ್ಟವಾಗಿದೆ. ಅಂಥವರನ್ನು ಪೊಲೀಸರು ರಕ್ಷಣೆಗೆ ತೆಗೆದುಕೊಂಡು 24 ಗಂಟೆಯೊಳಗೆ ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಒಯ್ಯಬೇಕು. ಲಾಕಪ್ಪಿನಲ್ಲಿ, ಜೈಲಿನಲ್ಲಿ ಇಡುವ ಹಾಗೇ ಇಲ್ಲ. ಮನೆಯವರನ್ನು ಹುಡುಕುವ ಹೊಣೆಯೂ ಠಾಣೆಯದ್ದೇ. ಆತ್ಮಹತ್ಯೆಗೆ ಪ್ರಯತ್ನ ಮಾಡಿದವರ ಮೇಲೆ ಕೇಸು ಹಾಕುತ್ತೇವೆ ಅಂತ ಯಾರಾದರೂ ಹೆದರಿಸಿದರೂ ಇದೇ ಕಾಯ್ದೆಯ 115ನೇ ಕಲಮು ತೋರಿಸಿ: ಅವರು ತೀವ್ರ ಒತ್ತಡದಲ್ಲಿದ್ದರು ಅಂತಲೇ ಕಾನೂನು ನಂಬಬೇಕು.

ಎರಡು ಪ್ರಶ್ನೆ, ಕಲಸಬೇಡಿ

ಇದನ್ನು ನಿಧಾನವಾಗಿ ಓದಿ, ಏಕೆಂದರೆ ಹೊಸ ವಕೀಲರೂ ಇಲ್ಲಿ ಎಡವುತ್ತಾರೆ. ಕೋರ್ಟಿಗೆ ಎರಡು ಪ್ರಶ್ನೆ ಇದೆ. ಇವತ್ತು ಇವನ ಮನಸ್ಸು ಹೇಗಿದೆ, ತನ್ನ ಕೇಸನ್ನು ತಾನು ನಡೆಸಬಲ್ಲನಾ ಅನ್ನುವುದು ಒಂದು. ಘಟನೆ ನಡೆದ ಆ ಹೊತ್ತಿಗೆ ಇವನ ಮನಸ್ಸು ಹೇಗಿತ್ತು ಅನ್ನುವುದು ಇನ್ನೊಂದು. ಇವತ್ತು ಚೆನ್ನಾಗಿದ್ದು ಆ ದಿನ ಕೆಟ್ಟಿರಬಹುದು. ಆ ದಿನ ಸರಿ ಇದ್ದು ಜೈಲಿಗೆ ಹೋದ ಮೇಲೆ ಕೆಟ್ಟಿರಬಹುದು.

ಇವತ್ತಿನ ಪ್ರಶ್ನೆಗೆ ಬಿಎನ್‌ಎಸ್‌ಎಸ್ 367, 368. ವಕೀಲರು ಅರ್ಜಿ ಹಾಕಿದರೆ, ಅಥವಾ ನ್ಯಾಯಾಧೀಶರಿಗೇ ಅನುಮಾನ ಬಂದರೆ, ವೈದ್ಯಕೀಯ ಪರೀಕ್ಷೆ ಮಾಡಿಸಿ ಮನೋವೈದ್ಯರಿಗೆ ಅಥವಾ ಕ್ಲಿನಿಕಲ್ ಸೈಕಾಲಜಿಸ್ಟರಿಗೆ ಕಳಿಸಬೇಕು. ಕಾರವಾರದ ಮೆಡಿಕಲ್ ಕಾಲೇಜು ಆಸ್ಪತ್ರೆ ಇದೆ, ಒಳರೋಗಿಯಾಗಿ ಇಟ್ಟು ನೋಡಬೇಕಾದರೆ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ಇದೆ. ವರದಿ ನಿಮಗೆ ಒಪ್ಪಿಗೆ ಆಗದಿದ್ದರೆ ಮೆಡಿಕಲ್ ಬೋರ್ಡಿಗೆ ಮೇಲ್ಮನವಿ ಹಾಕಬಹುದು.

ಇಲ್ಲಿ ಕಾಯಿಲೆಗೂ ಬೌದ್ಧಿಕ ನ್ಯೂನತೆಗೂ ದಾರಿ ಬೇರೆ. ಕಾಯಿಲೆಯಾದರೆ ಚಿಕಿತ್ಸೆಗೆ ಎಷ್ಟು ಕಾಲ ಬೇಕು ಅಂತ ಡಾಕ್ಟರು ಹೇಳುತ್ತಾರೋ ಅಷ್ಟು ಕಾಲ ವಿಚಾರಣೆಯನ್ನು ಮುಂದೂಡುತ್ತಾರೆ. ಬೌದ್ಧಿಕ ನ್ಯೂನತೆ ಮಾತ್ರೆಯಿಂದ ವಾಸಿ ಆಗುವಂಥದ್ದಲ್ಲ. ಅದರಿಂದಾಗಿ ಅವನಿಗೆ ಕೇಸು ಎದುರಿಸಲು ಆಗುವುದಿಲ್ಲ ಅಂತ ಕಂಡರೆ ವಿಚಾರಣೆ ನಡೆಸುವ ಹಾಗೇ ಇಲ್ಲ, 369ನೇ ಕಲಮಿನಂತೆ ಮುಂದಿನ ವ್ಯವಸ್ಥೆ ಮಾಡಬೇಕು. ಎಷ್ಟೋ ಅರ್ಜಿಗಳಲ್ಲಿ ಎರಡನ್ನೂ ಸುಮ್ನೆ "ಮಾನಸಿಕ ಅಸ್ವಸ್ಥ" ಅಂತ ಬರೆದು ಈ ವ್ಯತ್ಯಾಸವನ್ನೇ ಕಳೆದುಕೊಂಡಿರುತ್ತಾರೆ. ಅರ್ಜಿಗೆ ಸಹಿ ಮಾಡುವ ಮೊದಲು ಆ ಶಬ್ದ ಏನಿದೆ ಅಂತ ಕೇಳಿ.

ಎರಡು ದಾರಿಯಲ್ಲೂ ಒಂದು ಒಳ್ಳೆಯ ಅಸ್ತ್ರ ಇದೆ. ಕೋರ್ಟು ಮೊದಲು ಸರ್ಕಾರದ ಕಡೆಯ ದಾಖಲೆ ನೋಡಬೇಕು, ಆರೋಪಿಯನ್ನು ಪ್ರಶ್ನೆ ಕೇಳದೆ ಅವನ ವಕೀಲರ ಮಾತು ಕೇಳಬೇಕು. ಮೇಲ್ನೋಟಕ್ಕೇ ಕೇಸಿಲ್ಲ ಅಂತ ಕಂಡರೆ ವಿಚಾರಣೆ ಮುಂದೂಡುವ ಬದಲು ಬಿಟ್ಟೇ ಬಿಡಬೇಕು. ಸುಮ್ನೆ "ಟ್ರೀಟ್‌ಮೆಂಟಿಗೆ ಕಳಿಸಿ" ಅಂತ ಕೇಳಿ ಕೂರಬೇಡಿ, ಇದನ್ನೂ ಕೇಳಿ. ಇನ್ನು 369ರಲ್ಲಿ, ಆಸ್ಪತ್ರೆಯಲ್ಲೇ ಇರಬೇಕಾದ ಸ್ಥಿತಿ ಇಲ್ಲದಿದ್ದರೆ, ಜಾಮೀನಿಲ್ಲದ ಅಪರಾಧವಾದರೂ ಬಿಡುಗಡೆಗೆ ದಾರಿ ಇದೆ. ನೆಂಟರೋ ಸ್ನೇಹಿತರೋ ಒಬ್ಬರು ಹತ್ತಿರದ ಆಸ್ಪತ್ರೆಯಲ್ಲಿ ತಪ್ಪದೆ ಹೊರರೋಗಿ ಚಿಕಿತ್ಸೆ ಕೊಡಿಸುತ್ತೇನೆ, ಅವನಿಂದ ಯಾರಿಗೂ ತೊಂದರೆ ಆಗದಂತೆ ನೋಡಿಕೊಳ್ಳುತ್ತೇನೆ ಅಂತ ಬರೆದುಕೊಡಬೇಕು. ಮಂಗಳವಾರ ತಾಲೂಕು ಆಸ್ಪತ್ರೆಗೆ ಮನೋವೈದ್ಯರು ಬರುವ ಮನೋಚೈತನ್ಯ ಕ್ಲಿನಿಕ್ ಇದೆಯಲ್ಲ, ಅದರ ಚೀಟಿಯನ್ನೇ ಜೊತೆಗೆ ಇಟ್ಟು ತೋರಿಸಿ, ನಂಬಿಕೆ ಬರುತ್ತದೆ.

ಆ ದಿನದ ಮನಸ್ಸು

ಎರಡನೇ ಪ್ರಶ್ನೆಗೆ ಬಿಎನ್‌ಎಸ್ 22, ಹಳೆಯ ಐಪಿಸಿ 84. ಕಾಯಿಲೆ ಇತ್ತು ಅನ್ನುವುದಷ್ಟೇ ಸಾಲದು. ಆ ಕಾಯಿಲೆಯಿಂದ, ಆ ಹೊತ್ತಿನಲ್ಲಿ, ತಾನು ಮಾಡುತ್ತಿರುವುದು ಏನು ಅಂತಲೇ ಅವನಿಗೆ ತಿಳಿಯುತ್ತಿರಲಿಲ್ಲ, ಇಲ್ಲವೇ ಅದು ತಪ್ಪು ಅಥವಾ ಕಾನೂನಿಗೆ ವಿರುದ್ಧ ಅಂತ ತಿಳಿಯುತ್ತಿರಲಿಲ್ಲ ಅಂತ ತೋರಿಸಬೇಕು. ತೋರಿಸುವ ಭಾರ ನಮ್ಮದೇ. ಆದರೆ ಪೂರ್ತಿ ಸಾಬೀತು ಮಾಡಬೇಕಿಲ್ಲ, ಹಾಗಿದ್ದಿರುವ ಸಂಭವವೇ ಜಾಸ್ತಿ ಅಂತ ಕಂಡರೆ ಸಾಕು. ಸುಪ್ರೀಂ ಕೋರ್ಟು 1964ರಲ್ಲೇ ದಹ್ಯಾಭಾಯಿ ಠಕ್ಕರ್ ಕೇಸಿನಲ್ಲಿ ಹೀಗೆ ಹೇಳಿದೆ. ತಾನಾಗಿ ಕುಡಿದ ಅಮಲಿಗೆ ಈ ರಕ್ಷಣೆ ಇಲ್ಲ.

ಯಾವ ಥರದ ಸಾಕ್ಷಿ ಕೆಲಸ ಮಾಡುತ್ತದೆ ಅಂತ ನೋಡಲು 2002ರ ಶ್ರೀಕಾಂತ ಭೋಸಲೆ ಕೇಸು ಒಳ್ಳೆಯದು. ಮಹಾರಾಷ್ಟ್ರದ ಪೊಲೀಸ್ ಕಾನ್‌ಸ್ಟೇಬಲ್, ಹೆಂಡತಿಯನ್ನು ಕೊಂದ ಆರೋಪ. ಘಟನೆಗೆ ಮೊದಲೂ ಆಮೇಲೂ ಮನೋವೈದ್ಯರ ಹತ್ತಿರ ಚಿಕಿತ್ಸೆ ಪಡೆದ ದಾಖಲೆ ಇತ್ತು, ಮನೆತನದಲ್ಲೂ ಕಾಯಿಲೆ ಇತ್ತು, ಕೊಲ್ಲುವಷ್ಟು ಕಾರಣ ಇರಲಿಲ್ಲ, ಓಡಿಹೋಗಲೂ ಇಲ್ಲ. ಸುಪ್ರೀಂ ಕೋರ್ಟು ಬಿಡುಗಡೆ ಮಾಡಿತು. ಕೋರ್ಟು ನೋಡುವುದು ಇದನ್ನೇ, ಮೊದಲು, ಆಗ, ಆಮೇಲೆ ಅವನ ನಡವಳಿಕೆ ಹೇಗಿತ್ತು ಅಂತ. ಕತ್ತಿ ಬಾವಿಗೆ ಎಸೆದು, ರಕ್ತದ ಅಂಗಿ ಸುಟ್ಟು ಓಡಿದ್ದರೆ, ತಪ್ಪು ಅಂತ ಗೊತ್ತಿತ್ತಲ್ಲ ಅಂತ ಕೇಳುತ್ತಾರೆ.

ಹಾಗಾಗಿ ಘಟನೆಯ ಹಿಂದಿನ ಹದಿನೈದು ದಿನ ಒಂದೊಂದಾಗಿ ನೆನಪು ಮಾಡಿಕೊಂಡು ನೋಟ್‌ಬುಕ್ಕಿನಲ್ಲಿ ಬರೆಯಿರಿ. ಯಾವಾಗಿನಿಂದ ನಿದ್ದೆ ಬಿಟ್ಟ, ಊಟದಲ್ಲಿ ವಿಷ ಇದೆ ಅಂತ ಯಾವತ್ತು ತಟ್ಟೆ ಎಸೆದ, ಅಡಿಕೆ ತೋಟಕ್ಕೆ ಹೋಗಿ ಯಾರ ಜೊತೆ ಮಾತಾಡುತ್ತಿದ್ದ, ಮಾತ್ರೆ ಯಾವಾಗ ನಿಲ್ಲಿಸಿದ, ಇದನ್ನೆಲ್ಲ ಕಣ್ಣಾರೆ ಕಂಡವರು ಯಾರು. ಸಾಕ್ಷಿಗೆ ಮನೆಯವರಿಗಿಂತ ಹೊರಗಿನವರು ಒಳ್ಳೆಯದು: ಆಶಾ ಕಾರ್ಯಕರ್ತೆ, ಶಾಲೆಯ ಮಾಸ್ತರು, ಮಾತ್ರೆ ಅಂಗಡಿಯವರು, ಪಂಚಾಯ್ತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು. ಡಾಕ್ಟರಿಗೆ ತೋರಿಸದೆ ದೇವಸ್ಥಾನಕ್ಕೋ ಪಾತ್ರಿಯ ದರ್ಶನಕ್ಕೋ ಕರೆದೊಯ್ದಿದ್ದರೆ ಅದನ್ನೂ ನಾಚಿಕೆ ಇಲ್ಲದೆ ಹೇಳಿ. ಅದು ವೈದ್ಯಕೀಯ ಸಾಕ್ಷಿ ಆಗುವುದಿಲ್ಲ, ಆದರೆ ಇಂಥ ತಿಂಗಳಲ್ಲೇ ಮನೆಯವರು ಹೆದರಿದ್ದರು ಅನ್ನುವುದಕ್ಕೆ ಆ ಹರಕೆಯ ರಸೀದಿಯ ಮೇಲಿನ ತಾರೀಖು ಸಾಕ್ಷಿ. ಆಸ್ಪತ್ರೆಯ ಹಳೆ ಕಡತ ಕೇಳಿದರೆ ಕೊಡಬೇಕು, ಮಾನಸಿಕ ಆರೋಗ್ಯ ಕಾಯ್ದೆಯ 25ನೇ ಕಲಮಿನಲ್ಲಿ ಅದು ರೋಗಿಯ ಹಕ್ಕು.

ಗೆದ್ದರೂ ಮನೆಗೆ ಅಂತಿಲ್ಲ

ಇದನ್ನು ಮೊದಲೇ ತಿಳಿದುಕೊಂಡು ನಿರ್ಧಾರ ಮಾಡಿ. ಕೃತ್ಯ ನಡೆದಿದೆ, ಆದರೆ ಮನಸ್ಸು ಸರಿ ಇರಲಿಲ್ಲ ಅಂತ ಬಿಡುಗಡೆ ಆದರೆ ಬಿಎನ್‌ಎಸ್‌ಎಸ್ 374ನೇ ಕಲಮಿನಂತೆ ಕೋರ್ಟು ಅವನನ್ನು ಸುರಕ್ಷಿತ ಜಾಗದಲ್ಲಿ, ಅಂದರೆ ಜಾಸ್ತಿ ಸಲ ಮಾನಸಿಕ ಆಸ್ಪತ್ರೆಯಲ್ಲಿ, ಇಡಲು ಆದೇಶ ಮಾಡಬಹುದು. ಇಲ್ಲವೇ ನೆಂಟರ ಕೈಗೆ ಒಪ್ಪಿಸಬಹುದು. ನೆಂಟರಿಗೆ ಒಪ್ಪಿಸಬೇಕಾದರೆ ನೆಂಟರೇ ಅರ್ಜಿ ಹಾಕಿ ಭದ್ರತೆ ಕೊಡಬೇಕು. ಯಾರೂ ಕೇಳದಿದ್ದರೆ ಅವನು ಅಲ್ಲೇ ಉಳಿಯುತ್ತಾನೆ. ಅಸ್ಸಾಮಿನ ಮಚಾಂಗ್ ಲಾಲುಂಗ್ ಅನ್ನುವವರು 1951ರಲ್ಲಿ ಬಂಧನವಾಗಿ, ವಿಚಾರಣೆಯೇ ನಡೆಯದೆ 54 ವರ್ಷ ಒಳಗಿದ್ದು 2005ರಲ್ಲಿ ಹೊರಗೆ ಬಂದರು. ಅವರ ಹೆಸರು ಬರೆಯುವಾಗ ಈಗಲೂ ಹೊಟ್ಟೆ ಸಂಕಟವಾಗುತ್ತದೆ.

ಹಾಗಾಗಿ ಸಣ್ಣ ಕೇಸುಗಳಲ್ಲಿ, ಅಂಗಡಿಯಿಂದ ಬಾಳೆಹಣ್ಣು ಎತ್ತಿದ್ದು, ಗಾಜು ಒಡೆದಿದ್ದು, ಇಂಥದ್ದಕ್ಕೆಲ್ಲ ನಾನು 22ನೇ ಕಲಮು ಎತ್ತುವುದಿಲ್ಲ. ಜಾಮೀನು ತೆಗೆದುಕೊಂಡು, ರಾಜಿಗೆ ಬರುವಂಥದ್ದಾದರೆ ರಾಜಿ ಮಾಡಿಸಿ, ಇಲ್ಲದಿದ್ದರೆ ಮಾಮೂಲಿ ಹಾಗೆ ಸಾಕ್ಷಿಗಳನ್ನು ಪ್ರಶ್ನಿಸಿ ಮುಗಿಸುವುದು ಒಳ್ಳೆಯದು. ಗಡಿಯ ಆ ಹುಡುಗನ ಕೇಸಿನಲ್ಲೂ ನಾನು ಹಿಡಿದದ್ದು ಅದನ್ನೇ, ಚೀಲದಲ್ಲಿ ಏನಿದೆ ಅಂತ ಅವನಿಗೆ ಗೊತ್ತೇ ಇರಲಿಲ್ಲ ಅಂತ. ಕೊಲೆ, ಕೊಲೆ ಯತ್ನದಂಥ ದೊಡ್ಡ ಕೇಸಿನಲ್ಲಿ ಲೆಕ್ಕ ಬೇರೆ, ಅಲ್ಲಿ 22 ಬೇಕಾಗುತ್ತದೆ.

ಜೈಲಿನಲ್ಲಿ ಇರುವಷ್ಟು ದಿನ ವಾರಕ್ಕೊಮ್ಮೆಯಾದರೂ ಯಾರಾದರೂ ಹೋಗಿ ನೋಡಿ ಬನ್ನಿ. ಶಿರಸಿಯಿಂದ ದೇವಿಮನೆ ಘಟ್ಟ ಇಳಿದು ಕಾರವಾರಕ್ಕೆ ಹೋಗಿಬರುವುದು ಒಂದು ಇಡೀ ದಿನದ ಕೆಲಸ, ಕೂಲಿ ಬಿಟ್ಟು ಹೋಗಬೇಕು, ಗೊತ್ತು. ಆದರೂ ಮಾತ್ರೆ ಸಿಗುತ್ತಿದೆಯಾ ಅಂತ ಅವನನ್ನೇ ಕೇಳಿ, ಸಿಗದಿದ್ದರೆ ಅದೇ ದಿನ ವಕೀಲರಿಗೆ ಹೇಳಿ ಕೋರ್ಟಿಗೆ ಅರ್ಜಿ ಹಾಕಿಸಿ. ಈ ನಡುವೆ ನಿಮಗೇ ತಲೆ ಕೆಟ್ಟುಹೋಗುತ್ತದೆ. 14416 ಟೆಲಿ ಮಾನಸ್, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, ಯಾವ ಹೊತ್ತಿನಲ್ಲೂ ಕನ್ನಡದಲ್ಲೇ ಮಾತಾಡುತ್ತಾರೆ, ಅದು ಮನೆಯವರಿಗೂ ಇರುವುದು.

ಅವನು ಹೊರಗೆ ಬಂದ ಮೇಲೆ, ಅಥವಾ ಕೇಸೇನೂ ಇಲ್ಲದವರು ಈಗಲೇ, ಒಂದು ಸಣ್ಣ ಕಾರ್ಡು ಮಾಡಿ ಲ್ಯಾಮಿನೇಶನ್ ಹಾಕಿಸಿ ಅಂಗಿಯ ಕಿಸೆಯಲ್ಲಿ ಇಡಿ, ತೂತು ಮಾಡಿ ದಾರ ಕಟ್ಟಿದರೆ ಬೀಳುವುದಿಲ್ಲ. ಅದರಲ್ಲಿ ಅವನ ಹೆಸರು, ಊರು, ಆಡುವ ಭಾಷೆ, ಕಾಯಿಲೆಯ ಹೆಸರು, ಮಾತ್ರೆಯ ಹೆಸರು, ಮನೆಯ ಎರಡು ಫೋನ್ ನಂಬರು ಇರಲಿ. ಕೆಳಗೆ ದಪ್ಪ ಅಕ್ಷರದಲ್ಲಿ ಹೀಗೆ: "ಇವರು ಎಲ್ಲದಕ್ಕೂ ಹೌದು ಅನ್ನುತ್ತಾರೆ. ದಯವಿಟ್ಟು ಮನೆಯವರು ಬರುವ ತನಕ ಏನೂ ಬರೆಸಿಕೊಳ್ಳಬೇಡಿ."